ಎಲ್ಲರಿಗೂ ಹದಿನೆಂಟು

ಆ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ‘ಓಟದಕ್ಕಾ’ ಎಂದರೆ ಸಾಕು, ಮೂರನೇ ಮಹಡಿಯ ಆಪರೇಷನ್ ವಾರ್ಡಿನ ಯಾವ ಮೂಲೆಯಲ್ಲಿದ್ದರೂ ‘ಬಂದೇ’ ಎಂಬ ದನಿ ಮೊದಲು ಬರುತ್ತಿತ್ತು, ಅದರ ಹಿಂದೆಯೇ ಅವಳು. ಹನ್ನೊಂದು ವರ್ಷದಿಂದ ಅಲ್ಲಿ ನರ್ಸಿಂಗ್ ಸಹಾಯಕಿ. ಸಹಾಯಕಿಯ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಅವಳಿಗೆ ನಗು ಬರುತ್ತಿತ್ತು. ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು, ತೆಗೆಯುವುದು, ಏಳಲಾಗದವರನ್ನು ಪಕ್ಕಕ್ಕೆ ಹೊರಳಿಸಿ ಅವರ ಕೆಳಗಿನ ಹಾಸು ಬದಲಿಸುವುದು, ತುತ್ತು ತಿನ್ನಿಸುವುದು, ಜ್ವರ ನೋಡುವುದು, ಬಿ.ಪಿ. ನೋಡುವುದು, ನೋಡಿದ್ದನ್ನು ಬರೆಯುವುದು, ಮತ್ತು ಎಲ್ಲರ ಕೈಯಲ್ಲೂ ಬೈಸಿಕೊಳ್ಳುವುದು. ಈ ಕೊನೆಯದು ಡ್ಯೂಟಿ ಪಟ್ಟಿಯಲ್ಲಿ ಇರುವುದಿಲ್ಲ, ಆದರೂ ಒಂದು ದಿನವೂ ತಪ್ಪುವುದಿಲ್ಲ.

ಆ ಮಂಗಳವಾರ ಬೆಳಗ್ಗೆ ಕಾಲು ವಾರ್ಡಿನಲ್ಲಿ ಓಡುತ್ತಿದ್ದರೂ ಅವಳ ಜೀವವೆಲ್ಲ ದೊಡ್ಡ ಸಿಸ್ಟರ್ ಮೇಜಿನ ಡ್ರಾಯರಿನಲ್ಲಿತ್ತು. ದೊಡ್ಡ ಸಿಸ್ಟರ್ ಅಂದರೆ ಆ ವಾರ್ಡಿನ ಮುಖ್ಯ ನರ್ಸು. ಡ್ರಾಯರಿನೊಳಗೆ ಒಂದು ಹಾಳೆ. ಮೂರು ವರ್ಷ, ಬೆಳಗಿನ ಡ್ಯೂಟಿ ಮುಗಿಸಿ, ಬಸ್ಸಿನಲ್ಲೇ ಡಬ್ಬಿ ತೆರೆದು ನಾಲ್ಕು ತುತ್ತು ನುಂಗಿ, ಮಧ್ಯಾಹ್ನದ ನರ್ಸಿಂಗ್ ತರಗತಿಗೆ ಓಡಿದ್ದಳು. ಮುಂದಿನ ಸೋಮವಾರ ಕೊನೆಯ ಪರೀಕ್ಷೆ. ಪಾಸಾದರೆ ಬೂದು ಬಣ್ಣದ ಕೋಟು ಹೋಗಿ ಬಿಳಿ ಕೋಟು ಬರುತ್ತದೆ, ನೋಂದಣಿ ಪುಸ್ತಕದಲ್ಲಿ ಅವಳಿಗೊಂದು ಸಂಖ್ಯೆ ಬೀಳುತ್ತದೆ, ರಿಜಿಸ್ಟರ್ಡ್ ನರ್ಸ್ ಎನ್ನಿಸಿಕೊಳ್ಳುತ್ತಾಳೆ. ಆದರೆ ಪರೀಕ್ಷೆಗೆ ಕೂರಬೇಕಾದರೆ ವಾರ್ಡಿನ ಮುಖ್ಯ ನರ್ಸು ಆ ಹಾಳೆ ತುಂಬಿ ಸಹಿ ಹಾಕಬೇಕು. ಅದು ನಾಳೆ ಮಧ್ಯಾಹ್ನದೊಳಗೆ ಪರೀಕ್ಷಾ ಕಚೇರಿ ಸೇರಬೇಕು. ಸೇರದಿದ್ದರೆ ಒಂದು ವರ್ಷ ಕಾಯಬೇಕು.

ಒಂದು ವರ್ಷ ತಾನೇ ಅಂತ ಹೇಳುವವರು ಅವಳ ಮನೆಗೆ ಬಂದು ನೋಡಬೇಕಿತ್ತು. ಗಂಡ ಲಾರಿ ಓಡಿಸುವವನು, ಹತ್ತು ದಿನಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಇಬ್ಬರು ಮಕ್ಕಳನ್ನು ಎಬ್ಬಿಸಿ, ತೊಳೆದು, ತಿನ್ನಿಸಿ, ಶಾಲೆಗೆ ಬಿಟ್ಟು, ಕರೆದುಕೊಂಡು ಬರುವುದೆಲ್ಲ ಅತ್ತೆ. ಅತ್ತೆಗೆ ಎರಡೂ ಮಂಡಿ ನೋವು. ಹೋದ ವರ್ಷವೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: “ನೋಡೇ, ಈ ಪರೀಕ್ಷೆ ಮುಗಿಯೋ ತನಕ ಅಷ್ಟೆ. ಆಮೇಲೆ ನನ್ನ ಕೈಲಾಗಲ್ಲ. ನಾನೇನು ಕಬ್ಬಿಣದಲ್ಲಿ ಮಾಡಿದವಳಲ್ಲ.”

ಅದಕ್ಕೇ ಓಟದಕ್ಕ ಬೆಳಗ್ಗೆಯಿಂದ ಎರಡು ಸಲ ದೊಡ್ಡ ಸಿಸ್ಟರ್ ಎದುರಿಗೆ ಸುಮ್ಮನೆ ಹಾದುಹೋಗಿದ್ದಳು. ಮೂರನೇ ಸಲ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

“ಸಿಸ್ಟರ್, ಆ ಫಾರಂ...”

“ಇವತ್ತು ಎಷ್ಟು ಜನ ಸಹಾಯಕಿಯರು ಬಂದಿದ್ದಾರೆ?”

“ನಾನು, ಕೀಲಿಕೈ ಅಕ್ಕ. ಇಬ್ಬರೇ.”

“ಮತ್ತೆ ಇಲ್ಲಿ ನಿಂತು ಏನು ಮಾಡ್ತಿದೀಯ? ಮಧ್ಯಾಹ್ನ ನೋಡೋಣ ಹೋಗು.”

ನೋಡೋಣ ಎಂದರೆ ಹೌದೋ ಅಲ್ಲವೋ, ದೊಡ್ಡ ಸಿಸ್ಟರ್ ಮುಖ ನೋಡಿ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಓಟದಕ್ಕ ಹತ್ತು ಗಂಟೆಯ ಸುತ್ತಿಗೆ ಹೊರಟಳು.

ಹತ್ತು ಗಂಟೆಯ ಸುತ್ತು ಎಂದರೆ ಹನ್ನೆರಡು ಮಂಚ, ಒಬ್ಬೊಬ್ಬರಿಗೂ ನಾಲ್ಕು ಅಂಕಿ: ಜ್ವರ, ನಾಡಿ, ರಕ್ತದೊತ್ತಡ, ಉಸಿರು. ಮೊದಲ ಮೂರನ್ನು ಯಂತ್ರವೇ ಹೇಳಿಬಿಡುತ್ತದೆ. ಉಸಿರನ್ನು ಮಾತ್ರ ಕಣ್ಣಲ್ಲಿ ಎಣಿಸಬೇಕು. ರೋಗಿಯ ಎದೆ ಏರಿ ಇಳಿಯುವುದನ್ನು ಗಡಿಯಾರ ಹಿಡಿದು ಒಂದು ಪೂರ್ತಿ ನಿಮಿಷ ನೋಡಬೇಕು. ಒಬ್ಬರಿಗೆ ಒಂದು ನಿಮಿಷವಾದರೆ ಹನ್ನೆರಡು ಜನಕ್ಕೆ ಹನ್ನೆರಡು ನಿಮಿಷ. ಆ ವಾರ್ಡಿನಲ್ಲಿ ಹನ್ನೆರಡು ನಿಮಿಷ ಬಿಡುವು ಯಾರ ಅಪ್ಪನ ಮನೆಯಿಂದ ಬರಬೇಕು? ಅವಳು ಕೆಲಸಕ್ಕೆ ಸೇರಿದ ಎರಡನೇ ದಿನವೇ ಕೀಲಿಕೈ ಅಕ್ಕ ಗುಟ್ಟು ಹೇಳಿಕೊಟ್ಟಿದ್ದಳು. ಸ್ಟೋರ್ ರೂಮಿನ ಕೀಲಿಗಳನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು ಝಣಝಣ ಓಡಾಡುವ ಹಿರಿಯ ಸಹಾಯಕಿ ಅವಳು.

“ಹದಿನೆಂಟು ಅಂತ ಬರಿ. ಇಪ್ಪತ್ತು ಬರೆದರೆ ಯಾಕೆ ಜಾಸ್ತಿ ಅಂತಾರೆ, ಹನ್ನೆರಡು ಬರೆದರೆ ಯಾಕೆ ಕಮ್ಮಿ ಅಂತಾರೆ. ಹದಿನೆಂಟಕ್ಕೆ ಯಾರೂ ಸೊಲ್ಲೆತ್ತಲ್ಲ.”

ನಿಜವಾಗಿಯೂ ಯಾರೂ ಎತ್ತಿರಲಿಲ್ಲ. ಬೆಳಗಿನವರು ಹದಿನೆಂಟು, ಮಧ್ಯಾಹ್ನದವರು ಹದಿನೆಂಟು, ರಾತ್ರಿಯವರು ಹದಿನೆಂಟು. ದಪ್ಪಗಿರುವವರಿಗೂ ಸಣ್ಣಗಿರುವವರಿಗೂ, ಗೊರಕೆ ಹೊಡೆಯುವವರಿಗೂ ಬಿಕ್ಕಳಿಸುವವರಿಗೂ ಅದೇ. ಪ್ರತಿ ಹಾಳೆಯ ಕೆಳಗೆ ‘ಪರಿಶೀಲಿಸಿದೆ’ ಎಂದು ದೊಡ್ಡ ಸಿಸ್ಟರ್ ಸಹಿ. ತರಗತಿಯಲ್ಲಿ ಮೇಡಂ ಮಾತ್ರ ಬೇರೆಯೇ ಹೇಳಿದ್ದರು: ರೋಗಿ ಕೆಡುತ್ತಿದ್ದಾನೆ ಎಂದು ಎಲ್ಲಕ್ಕಿಂತ ಮೊದಲು ಹೇಳುವುದು ಉಸಿರು. ಓಟದಕ್ಕ ಅದನ್ನು ದುಂಡಗೆ ಬರೆದುಕೊಂಡು, ಕೆಳಗೆ ಕೆಂಪು ಗೆರೆ ಎಳೆದು, ಬಾಯಿಪಾಠ ಮಾಡಿದ್ದಳು. ಮಾರನೇ ದಿನ ಬಂದು ಮತ್ತೆ ಹದಿನೆಂಟು ಬರೆದಿದ್ದಳು. ಮನುಷ್ಯರು ಹೀಗೇ ಇರುತ್ತಾರೆ, ಏನು ಮಾಡುವುದು!

ಆ ದಿನ ನಾಲ್ಕನೇ ಮಂಚದವರು ವಾಂತಿ ಮಾಡಿಕೊಂಡು ಹಾಸೆಲ್ಲ ಬದಲಿಸಬೇಕಾಯಿತು. ಐದನೆಯವರಿಗೆ ಮಗಳಿಗೆ ಫೋನು ಹಚ್ಚಿಕೊಡಬೇಕಿತ್ತು. ಏಳನೇ ಮಂಚಕ್ಕೆ ಬರುವ ಹೊತ್ತಿಗೆ ಹತ್ತೂಕಾಲು. ಏಳನೇ ಮಂಚದಲ್ಲಿ ದರ್ಜಿ ತಾತ. ಪಿತ್ತಕೋಶದ ಆಪರೇಷನ್ ಆಗಿ ಮೂರು ದಿನವಾಗಿತ್ತು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವನು, ಬಂದವರನ್ನೆಲ್ಲ ಕಣ್ಣಲ್ಲೇ ಅಳೆಯುತ್ತಿದ್ದ. ಡಾಕ್ಟರ ಕೋಟಿನ ಭುಜ ಅರ್ಧ ಇಂಚು ಇಳಿದಿದೆ, ಎಂಟನೇ ಮಂಚದವರ ಅಳಿಯ ಸೊಂಟ ಬಿಗಿಹಿಡಿದು ನಿಲ್ಲುತ್ತಾನೆ, ಹೀಗೆ. ದಿನವೂ ಒಬ್ಬೊಬ್ಬ ಗಿರಾಕಿಯ ಕತೆ ಹೇಳಿ ಇಡೀ ಸಾಲನ್ನು ನಗಿಸುತ್ತಿದ್ದ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಗುವವರ ಫಜೀತಿ ಬೇರೆ.

“ಏನು ತಾತ, ಇವತ್ತು ಯಾರ ಕತೆ?” ಎನ್ನುತ್ತ ಅವಳು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು.

“ನಾಳೆ... ಹೇಳ್ತೀನಿ ಬಿಡಮ್ಮ.”

ಯಂತ್ರ ನಾಡಿ ಎಂಬತ್ತನಾಲ್ಕು ತೋರಿಸಿತು. ರಕ್ತದೊತ್ತಡ ನಿನ್ನೆಗಿಂತ ತುಸು ಇಳಿದಿತ್ತು, ಹೆಚ್ಚೇನಿಲ್ಲ. ಜ್ವರವಿಲ್ಲ. ಅವಳು ಮೂರು ಅಂಕಿ ಬರೆದು, ನಾಲ್ಕನೇ ಚೌಕದಲ್ಲಿ ಹದಿನೆಂಟು ಹಾಕಿ ಎಂಟನೇ ಮಂಚಕ್ಕೆ ಹೋದಳು. ಹನ್ನೊಂದಕ್ಕೆ ಕನ್ನಡಕದ ಡಾಕ್ಟರು ಬಂದು ಸಾಲಾಗಿ ಚಾರ್ಟುಗಳನ್ನು ನೋಡಿದರು. ಏಳನೆಯದನ್ನು ಓದಿ, “ಚೆನ್ನಾಗಿದೆ, ನಾಳಿದ್ದು ಮನೆಗೆ ಹೋಗಬಹುದು” ಎಂದು ತಾತನ ಕಾಲು ತಟ್ಟಿ ಮುಂದೆ ಸರಿದರು. ತಾತ ನಕ್ಕ. ಅವರ ಕೋಟಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಹನ್ನೆರಡು ಗಂಟೆಗೆ ರಕ್ತದ ಸೀಸೆಗಳನ್ನು ಕೆಳಗಿನ ಲ್ಯಾಬಿಗೆ ಕೊಟ್ಟು ಬರಲು ಅವಳನ್ನು ಕಳಿಸಿದರು. ಲಿಫ್ಟು ಕೆಟ್ಟಿತ್ತು. ಮೆಟ್ಟಿಲಿಳಿಯುತ್ತ, ಪರೀಕ್ಷೆಗೆಂದು ಜೇಬಿನಲ್ಲಿಟ್ಟುಕೊಂಡಿದ್ದ ಟಿಪ್ಪಣಿ ತೆಗೆದು ಮನಸ್ಸಿನಲ್ಲೇ ಒಪ್ಪಿಸತೊಡಗಿದಳು. ‘ಒಳಗೆ ರಕ್ತ ಸೋರುತ್ತಿದ್ದರೆ ಮೊದಲು ಕಾಣುವ ಲಕ್ಷಣಗಳು: ಉಸಿರಿನ ವೇಗ ಹೆಚ್ಚುವುದು, ಮಾತು ತುಂಡಾಗುವುದು...’

ಅವಳ ಕಾಲು ಮೆಟ್ಟಿಲ ಮೇಲೆಯೇ ನಿಂತಿತು. ನಾಳೆ, ಹೇಳ್ತೀನಿ ಬಿಡಮ್ಮ. ಇಷ್ಟು ಚಿಕ್ಕ ಮಾತಿನ ನಡುವೆ ತಾತ ಒಂದು ಸಲ ನಿಂತಿದ್ದ. ಬೆಳಗ್ಗೆ ಏಳಕ್ಕೆ ಮೈ ಒರೆಸುವಾಗಲೂ ಒಂದು ಕತೆ ಶುರು ಮಾಡಿದ್ದ, ಮದುವೆ ಕೋಟಿಗೆಂದು ಪರದೆ ಬಟ್ಟೆ ತಂದಿದ್ದ ಗಿರಾಕಿಯದು. ಅರ್ಧಕ್ಕೆ ಬಿಟ್ಟು ಕಣ್ಣು ಮುಚ್ಚಿದ್ದ. ಅವಳು, ಇವತ್ತು ಬೇಗ ಮುಗಿಯಿತಲ್ಲ ಸದ್ಯ, ಅಂತ ಖುಷಿಪಟ್ಟು ಬಕೆಟ್ ಎತ್ತಿಕೊಂಡು ಹೋಗಿದ್ದಳು. ಈಗ ಅದು ನೆನಪಾಯಿತು. ‘ಏನೂ ಇರಲ್ಲ, ಸುಸ್ತಾಗಿರಬೇಕು ಪಾಪ’ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಸೀಸೆಗಳನ್ನು ಲ್ಯಾಬಿನ ಕಿಟಕಿಯಲ್ಲಿಟ್ಟು, ರಸೀದಿಗೂ ಕಾಯದೆ, ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಬಂದಳು.

ತಾತ ಕಣ್ಣು ಮುಚ್ಚಿ ಮಲಗಿದ್ದ. ಹಣೆಯಲ್ಲಿ ಬೆವರು. ಅವಳು ಹೊದಿಕೆ ಸರಿಪಡಿಸುವವಳಂತೆ ಬಗ್ಗಿ, ಕೋಟಿಗೆ ಸಿಕ್ಕಿಸಿದ್ದ ಗಡಿಯಾರ ಹಿಡಿದು ಎಣಿಸತೊಡಗಿದಳು. ಅರ್ಧ ನಿಮಿಷಕ್ಕೇ ಹದಿನಾರು. ತಪ್ಪೆಣಿಸಿದೆನೇನೋ ಎಂದು ಮತ್ತೆ ಮೊದಲಿನಿಂದ ಎಣಿಸಿದಳು, ಈ ಸಲ ಪೂರ್ತಿ ನಿಮಿಷ. ಮೂವತ್ತೆರಡು.

ಹೋಗಿ ಹೇಳಬೇಕು, ಅದರಲ್ಲಿ ಅನುಮಾನವಿರಲಿಲ್ಲ. ಹೇಳಿದಳು ಕೂಡ. ದೊಡ್ಡ ಸಿಸ್ಟರ್ ಬಂದು ತಾತನ ಮುಖ ನೋಡಿದವರೇ ಫೋನಿಗೆ ಕೈ ಹಾಕಿದರು. ಎರಡು ನಿಮಿಷದಲ್ಲಿ ಕನ್ನಡಕದ ಡಾಕ್ಟರು ಓಡಿ ಬಂದರು. ಚಾರ್ಟ್ ಕೈಗೆತ್ತಿಕೊಂಡು ಬೆರಳಿಟ್ಟು ನೋಡಿದರು. ಓಟದಕ್ಕ ಮಂಚದ ತಲೆಭಾಗದಲ್ಲಿ ತಾತನ ದಿಂಬು ಎತ್ತರಿಸಿ ಹಿಡಿದು ನಿಂತಿದ್ದಳು. ಆ ಬೆರಳು ಎಲ್ಲಿಗೆ ಹೋಗುತ್ತದೆ ಅಂತ ಅವಳಿಗೆ ಮೊದಲೇ ಗೊತ್ತಿತ್ತು.

“ಹತ್ತಕ್ಕೆ ಹದಿನೆಂಟು, ಈಗ ಮೂವತ್ತೆರಡು. ಎರಡೂವರೆ ಗಂಟೇಲಿ!” ಎಂದರು ಡಾಕ್ಟರು. “ನಾಡಿ ಅಷ್ಟೇನೂ ಓಡ್ತಿಲ್ಲ, ಹಾಗಾಗಿ ರಕ್ತಸ್ರಾವ ಇರಲಿಕ್ಕಿಲ್ಲ. ಇದು ಇದ್ದಕ್ಕಿದ್ದ ಹಾಗೆ ಆಗಿರೋದು ಸಿಸ್ಟರ್. ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿ ಕೂತಿದೆ. ಮೂರು ದಿನದಿಂದ ಮಲಗೇ ಇದ್ದಾರಲ್ಲ.”

“ಸ್ಕ್ಯಾನ್?”

“ಕೆಳಗೆ ಒಂದು ಗಂಟೆ ಕಾಯಬೇಕು. ಅಷ್ಟು ಹೊತ್ತು ಕೈಕಟ್ಟಿ ಕೂರೋಕಾಗಲ್ಲ. ರಕ್ತ ತೆಳು ಮಾಡೋ ಇಂಜೆಕ್ಷನ್ ಈಗಲೇ ಕೊಟ್ಟುಬಿಡಿ.”

“ಇದ್ದಕ್ಕಿದ್ದ ಹಾಗೇ ಅಂತೀರಾ?”

“ಇಲ್ಲೇ ಬರೆದಿದೆಯಲ್ಲ ಸಿಸ್ಟರ್” ಎಂದು ಡಾಕ್ಟರು ಆ ಹದಿನೆಂಟರ ಮೇಲೆ ಬೆರಳು ಕುಟ್ಟಿದರು.

ದೊಡ್ಡ ಸಿಸ್ಟರ್ ಔಷಧದ ಗಾಡಿ ಎಳೆದುಕೊಂಡು ಸಿರಿಂಜಿನ ಕಾಗದ ಹರಿದರು. ಓಟದಕ್ಕ ಆ ಸಿರಿಂಜನ್ನೇ ನೋಡಿದಳು. ಹೆಪ್ಪಾಗಿದ್ದರೆ ಆ ಇಂಜೆಕ್ಷನ್ ಜೀವ ಉಳಿಸುತ್ತದೆ. ಹೆಪ್ಪಲ್ಲದೆ ಒಳಗೆಲ್ಲೋ ರಕ್ತ ಸೋರುತ್ತಿದ್ದರೆ, ಇರುವ ರಕ್ತವನ್ನೂ ನಿಲ್ಲದಂತೆ ಹರಿಸಿಬಿಡುತ್ತದೆ. ಇದೂ ಟಿಪ್ಪಣಿಯಲ್ಲಿದ್ದದ್ದೇ. ಡಾಕ್ಟರು ಒಂದು ಅಂಕಿಯನ್ನು ನಂಬಿ ಹೊರಟಿದ್ದರು, ಆ ಅಂಕಿ ಅವಳು ಮಂಚ ದಾಟುವಾಗ ಸುಮ್ಮನೆ ಗೀಚಿದ್ದು.

ಹೇಳಿದರೆ? ಆ ಡ್ರಾಯರ್ ತೆರೆಯುವುದೇ ಇಲ್ಲ. ಹೇಳದಿದ್ದರೆ? ಬಹುಶಃ ಡಾಕ್ಟರು ಹೇಳಿದ್ದೇ ನಿಜವಿರಬಹುದು. ಓದಿದವರು ಅವರು. ತಾನು ಇನ್ನೂ ಪರೀಕ್ಷೆ ಕೂಡ ಬರೆಯದವಳು, ನಡುವೆ ಬಾಯಿ ಹಾಕಲು ತಾನು ಯಾರು? ನಿಮಗೆ ಅನ್ನಿಸಬಹುದು, ಇಂಥ ಹೊತ್ತಿನಲ್ಲಿ ಇದನ್ನೆಲ್ಲ ಯೋಚಿಸಿದಳೇ ಎಂದು. ಯೋಚಿಸಿದಳು. ಸಿರಿಂಜಿಗೆ ಸೂಜಿ ಸಿಕ್ಕಿಸುವಷ್ಟು ಹೊತ್ತಿನಲ್ಲಿ ಮೂರು ವರ್ಷದ ಬಸ್ಸು, ಡಬ್ಬಿ, ಅತ್ತೆಯ ಮಂಡಿ, ಎಲ್ಲವನ್ನೂ ಯೋಚಿಸಿದಳು. ಪಕ್ಕದಲ್ಲೇ ನಿಂತಿದ್ದ ಕೀಲಿಕೈ ಅಕ್ಕನಿಗೆ ಅವಳ ಮುಖ ನೋಡಿಯೇ ವಾಸನೆ ಬಡಿದಿರಬೇಕು. ಮೊಣಕೈ ಹತ್ತಿರ ಬಲವಾಗಿ ಚಿವುಟಿ, ಕಿವಿಯಲ್ಲಿ ಉಸುರಿದಳು: “ಸುಮ್ನಿರೇ. ಮನೆ ಹಾಳು ಮಾಡ್ಕೋಬೇಡ.”

“ಹತ್ತು ಗಂಟೆಗೆ ನಾನು ಎಣಿಸಿಲ್ಲ ಸರ್.”

ಮಾತು ಎಷ್ಟು ಸಣ್ಣಗೆ ಬಂತೆಂದರೆ ಡಾಕ್ಟರಿಗೆ ಕೇಳಿಸಲೇ ಇಲ್ಲ. ಸಿಸ್ಟರ್ ಕೈ ಮಾತ್ರ ನಿಂತಿತು.

“ಏನಂದೆ?”

“ಹದಿನೆಂಟು ಅಂತ ಸುಮ್ನೆ ಬರೆದೆ ಸಿಸ್ಟರ್. ಎಣಿಸಿಲ್ಲ. ಯಾರಿಗೂ ಎಣಿಸಿಲ್ಲ.”

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ಎಂಟನೇ ಮಂಚದವರು, ಆರನೇ ಮಂಚದವರು, ನೀರಿನ ಲೋಟ ಹಿಡಿದು ನಿಂತಿದ್ದ ಯಾರದೋ ತಂಗಿ, ಎಲ್ಲರೂ ನೋಡಿದರು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದಳು.

“ಹಾಗಾದ್ರೆ ಬೆಳಗ್ಗೆ ಆರಕ್ಕೆ ಬರೆದಿರೋದು?”

“ಅದೂ... ಅದೂ ಹಾಗೇ ಇರಬೇಕು ಸರ್.”

“ಮತ್ತೆ ಇದು ಯಾವಾಗಿಂದ ಅಂತ ನನಗೆ ಯಾರು ಹೇಳ್ತಾರೆ?” ಡಾಕ್ಟರ ದನಿ ಏರಿತು. “ಗೋಡೆ ಹೇಳುತ್ತಾ?”

“ಬೆಳಗ್ಗೆ ಏಳಕ್ಕೇ ಇತ್ತು ಸರ್. ಮೈ ಒರೆಸುವಾಗ ಕತೆ ಹೇಳ್ತಿದ್ದೋರು ಮಧ್ಯದಲ್ಲಿ ನಿಲ್ಲಿಸಿಬಿಟ್ಟರು. ನಿನ್ನೆ ತಾವೇ ಎದ್ದು ಕೂತಿದ್ರು, ಇವತ್ತು ನಾನೇ ಎತ್ತಿ ಕೂರಿಸಿದೆ. ಹತ್ತಕ್ಕೆ ಎರಡು ಮಾತಾಡೋಕೂ ನಡುವೆ ನಿಂತರು. ನಿಧಾನಕ್ಕೆ ಹೆಚ್ಚಾಗಿದೆ ಸರ್, ಒಂದೇ ಸಲ ಆಗಿದ್ದಲ್ಲ. ಮತ್ತೆ ತಾತ ರಕ್ತದೊತ್ತಡಕ್ಕೆ ದಿನಾ ಒಂದು ಮಾತ್ರೆ ತಗೋತಾರೆ, ನಾಡೀನ ನಿಧಾನ ಮಾಡುತ್ತಲ್ಲ, ಅದು.” ಕೊನೆಯದನ್ನು ಹೇಳಿದ ಮೇಲೆ ತನ್ನ ಬಾಯಿಂದ ಅದು ಬಂತೆಂದು ಅವಳಿಗೇ ನಂಬಿಕೆಯಾಗಲಿಲ್ಲ.

ಡಾಕ್ಟರು ಹೊದಿಕೆ ಸರಿಸಿ ತಾತನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಒತ್ತಿದರು. ತಾತ ನರಳಿ ಅವಳ ಕೈ ಹಿಡಿದುಕೊಂಡ.

“ಇಂಜೆಕ್ಷನ್ ಬೇಡ. ಹೊಟ್ಟೆ ನೋಡೋ ಆ ಸಣ್ಣ ಸ್ಕ್ಯಾನ್ ಮೆಷಿನ್ ಇಲ್ಲಿಗೇ ತಳ್ಕೊಂಡು ಬನ್ನಿ. ಆಪರೇಷನ್ ಥಿಯೇಟರಿಗೆ ಫೋನ್ ಮಾಡಿ. ಬೇಗ!”

ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಇಪ್ಪತ್ತು ನಿಮಿಷದಲ್ಲಿ ಮಂಚ ಸಮೇತ ತಾತನನ್ನು ಕೆಳಗೆ ಒಯ್ದರು. ಓಟದಕ್ಕ ಖಾಲಿಯಾದ ಏಳನೇ ಜಾಗವನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಎರಡು ಗಂಟೆಗೆ ಅವಳ ಡ್ಯೂಟಿ ಮುಗಿಯಿತು, ಅವಳು ಹೋಗಲಿಲ್ಲ. ತರಗತಿಗೂ ಹೋಗಲಿಲ್ಲ. ಸ್ಟೋರ್ ರೂಮಿನಲ್ಲಿ ತೊಳೆದ ಹಾಸುಗಳ ನಡುವೆ ಸ್ಟೂಲಿನ ಮೇಲೆ ಕೂತು ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಳು. ಕೀಲಿಕೈ ಅಕ್ಕ ಎರಡು ಸಲ ಬಂದು ಬಾಗಿಲಲ್ಲಿ ನಿಂತಳು. ಒಂದು ಸಲ ಬೈದಳು, ಇನ್ನೊಂದು ಸಲ ಚಹಾ ಇಟ್ಟು ಹೋದಳು. ಮೂರೂವರೆಗೆ ಥಿಯೇಟರಿನಿಂದ ಸುದ್ದಿ ಬಂತು. ಬಾಯಿಬಿಟ್ಟಿದ್ದ ರಕ್ತನಾಳ ಕಟ್ಟಿದ್ದಾರೆ, ತಾತ ಬದುಕಿದ್ದಾನೆ. ಆ ಇಂಜೆಕ್ಷನ್ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಮುಗಿದೇ ಹೋಗುತ್ತಿತ್ತು ಅಂತ ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ಅಂದರಂತೆ.

ಆಗ ಅವಳು ಅತ್ತಳು. ಮನಸಾರೆ, ಹಾಸುಗಳಲ್ಲಿ ಮುಖ ಹುದುಗಿಸಿ. ಅಳು ಮುಗಿದ ಮೇಲೆ ಮುಖ ತೊಳೆದು ದೊಡ್ಡ ಸಿಸ್ಟರ್ ಕೋಣೆಗೆ ಹೋದಳು. ನಿಜ ಹೇಳಬೇಕೆಂದರೆ ಹೋಗುವಾಗ ಅವಳಿಗೊಂದು ಆಸೆಯೂ ಇತ್ತು. ಒಂದು ಜೀವ ಉಳಿದಿದೆಯಲ್ಲ, ಅದಕ್ಕಾದರೂ ಬೆಲೆ ಇರುತ್ತದೆ ಎಂದು.

ಸಿಸ್ಟರ್ ಮೇಜಿನ ಮೇಲೆ ಹನ್ನೆರಡು ಚಾರ್ಟುಗಳನ್ನೂ ಹರಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಆ ಹಾಳೆ, ಕೊನೆಗೂ ಡ್ರಾಯರಿನಿಂದ ಹೊರಗೆ.

“ಕೂತ್ಕೋ.”

ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಯಾರೂ ಕೂತ್ಕೋ ಎಂದಿರಲಿಲ್ಲ. ಅವಳು ಕುರ್ಚಿಯ ತುದಿಯಲ್ಲಿ ಕೂತಳು.

“ಇಲ್ಲಿ ನೋಡು. ನಿನ್ನ ಹದಿನೆಂಟು, ಆ ಕೀಲಿಕೈಯವಳ ಹದಿನೆಂಟು, ರಾತ್ರಿಯವರ ಹದಿನೆಂಟು. ಎಲ್ಲದರ ಕೆಳಗೂ ನನ್ನ ಸಹಿ. ಹನ್ನೆರಡು ಜನ ಒಂದೇ ತಾಳಕ್ಕೆ ಉಸಿರಾಡ್ತಾರೆ ಅಂತ ತಲೆ ನೆಟ್ಟಗಿರೋ ಯಾವ ನರ್ಸು ನಂಬ್ತಾಳೆ? ನಾನು ನಂಬಿದ ಹಾಗೆ ಇದ್ದೆ. ನನ್ನ ವಿಷಯ ನಾನೇ ಮೇಲಿನವರಿಗೆ ಬರೆದು ಕೊಡ್ತೀನಿ. ಅದು ಬಿಡು.” ಅವರು ಹಾಳೆಯನ್ನು ಅವಳ ಕಡೆ ತಿರುಗಿಸಿದರು. “ನಾಲ್ಕನೇ ಪ್ರಶ್ನೆ ಓದು.”

ಓಟದಕ್ಕ ಓದಿದಳು. ‘ಅಭ್ಯರ್ಥಿಯು ರೋಗಿಗಳ ದಾಖಲೆಗಳನ್ನು ಸತ್ಯವಾಗಿ ಬರೆಯುತ್ತಾರೆಯೇ?’

“ಇದಕ್ಕೆ ನಾನು ಹೌದು ಅಂತ ಬರೆದರೆ ಅದೂ ಒಂದು ಹದಿನೆಂಟೇ ಆಗುತ್ತೆ.”

“ನಾನೇ ಬಾಯಿಬಿಟ್ಟು ಹೇಳಿದೆನಲ್ಲ ಸಿಸ್ಟರ್! ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಹೇಳಿದ್ದಕ್ಕೆ ಆ ತಾತ ಉಳ್ಕೊಂಡ. ಅದನ್ನ ನಾನು ಸಾಯೋ ತನಕ ಮರೆಯಲ್ಲ. ಎಣಿಸದೇ ಇದ್ದಿದ್ದಕ್ಕೆ ಈ ಸಲ ನಿನಗೆ ಪರೀಕ್ಷೆ ಇಲ್ಲ. ಇಲ್ಲ ಅಂತ ಬರೆದು ಕಳಿಸಿದರೆ ನಿನ್ನ ಹೆಸರೇ ತೆಗೆದುಹಾಕ್ತಾರೆ, ಅದಕ್ಕೇ ಕಳಿಸೋದೇ ಇಲ್ಲ. ಮುಂದಿನ ವರ್ಷ ಬಾ. ಆಗ ಹೌದು ಅಂತ ಬರೆಯೋ ಹಾಗೆ ಮಾಡು.”

ಮುಂದಿನ ವರ್ಷ. ಆ ಮಾತು ಕಿವಿಯಲ್ಲೇ ಉಳಿಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಹೊರಗಡೆ ಏನಿತ್ತೋ ಅವಳಿಗೆ ಕಾಣಲಿಲ್ಲ. ಮುಂದಿನ ವರ್ಷ ಎನ್ನುವುದು ದೊಡ್ಡ ಸಿಸ್ಟರ್ ಕೈಯಲ್ಲಿ ಇರಲಿಲ್ಲ, ಅವಳ ಕೈಯಲ್ಲೂ ಇರಲಿಲ್ಲ. ಇದ್ದದ್ದು ಅತ್ತೆಯ ಕೈಯಲ್ಲಿ. ಅತ್ತೆ ಇನ್ನೊಂದು ವರ್ಷ ಆಗಲ್ಲ ಎಂದರೆ ತರಗತಿಗೂ ಪರೀಕ್ಷೆಗೂ ಬಿಳಿ ಕೋಟಿಗೂ ಎಳ್ಳುನೀರು. ದಾರಿಯುದ್ದಕ್ಕೂ ಸುಳ್ಳು ಹೊಂದಿಸಿದಳು. ಕಚೇರಿಯವರು ಫಾರಂ ಕಳೆದುಹಾಕಿದರು ಅನ್ನಬಹುದು. ಪರೀಕ್ಷೆಯೇ ಮುಂದೂಡಿದ್ದಾರೆ ಅನ್ನಬಹುದು. ಎರಡನೆಯದು ವಾಸಿ ಅಂತ ತೀರ್ಮಾನಿಸಿ ಬಸ್ಸಿಳಿದಳು.

ಅತ್ತೆ ಕುರ್ಚಿಯಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಕ್ಕಳು ಹೊರಗೆ ಆಡುತ್ತಿದ್ದವು. ಸೊಸೆಯ ಮುಖ ನೋಡಿದ್ದೇ, “ಏನಾಯ್ತೇ? ಅತ್ತಿದೀಯ” ಎಂದಳು. ಅಷ್ಟೇ, ಬಸ್ಸಿನಲ್ಲಿ ಹೊಂದಿಸಿದ್ದೆಲ್ಲ ಗಾಳಿಗೆ ಹಾರಿತು. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು, ಮೊದಲಿಂದ ಕೊನೆಯವರೆಗೆ. ಕೊನೆಗೆ, “ಇನ್ನೊಂದೇ ಒಂದು ವರ್ಷ ಅತ್ತೆ” ಅಂತ ಕೇಳಿಯೂಬಿಟ್ಟಳು.

ಅತ್ತೆ ಮೊದಲು ಸಿಸ್ಟರ್ ಮೇಲೆ ಹರಿಹಾಯ್ದಳು. “ಅವಳ ಬಾಯಿಗೆ ಮಣ್ಣು ಹಾಕ! ಜೀವ ಉಳಿಸಿದವಳಿಗೆ ಇದೇನಾ ಮಾಡೋದು? ಒಂದು ಅಂಕಿ ತಾನೇ! ಎಲ್ಲರೂ ಬರೆಯೋದನ್ನೇ ನೀನೂ ಬರೆದೆ. ನಾಳೆ ನಾನೇ ಬರ್ತೀನಿ ನಡಿ, ಮುಖದ ನೀರಿಳಿಸ್ತೀನಿ ಅವಳಿಗೆ.” ಹೇಳುತ್ತ ಮೊಮ್ಮಗನ ಅಂಗಿಯನ್ನು ಪಟಪಟ ಕೊಡವಿದಳು. ಓಟದಕ್ಕನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಅತ್ತೆ ತನ್ನ ಕಡೆ ಇದ್ದಾಳೆ. ವರ್ಷ ಹೇಗೋ ನಡೆದುಹೋಗುತ್ತದೆ.

ಅತ್ತೆಯ ಕೈ ನಿಧಾನವಾಯಿತು. ಆಮೇಲೆ ನಿಂತೇಹೋಯಿತು.

“ಎಲ್ಲಾ ವಾರ್ಡಲ್ಲೂ ಹಾಗೇ ಬರೀತಾರಾ?”

“ಹೂಂ ಅತ್ತೆ.”

“ಎರಡನೇ ಮಹಡೀಲೂ?”

ಸೊಸೆಗೆ ಥಟ್ಟನೆ ಅರ್ಥವಾಗಲಿಲ್ಲ. ಅರ್ಥವಾದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾಲ್ಕು ವರ್ಷದ ಹಿಂದೆ ಮಾವ ಕೊನೆಯ ಐದು ದಿನ ಮಲಗಿದ್ದದ್ದು ಅದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ.

“ಇವರಿಗೆ ಯಾಕೋ ಉಬ್ಬಸ ಆಗ್ತಿದೆ ಕಣೇ ಅಂತ ನಾನು ಅಂದೆ” ಎಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ಏನನ್ನೋ ನೆನಪು ಮಾಡಿಕೊಳ್ಳುವವಳ ಹಾಗಿತ್ತು. “ಸಾಯಂಕಾಲ ನೀನು ಡ್ಯೂಟಿ ಮುಗಿಸಿ ಬಂದೆ. ಮಂಚದ ಕಾಲ ಹತ್ತಿರ ತೂಗುಹಾಕಿದ್ದ ಕಾಗದ ತೆಗೆದು ಓದಿದೆ. ಹದಿನೆಂಟು ಅತ್ತೆ, ಉಸಿರು ಸರಿಯಾಗಿದೆ, ನೀವು ಮನೆಗೆ ಹೋಗಿ ಮಲಗಿ ಅಂದೆ. ನಾನು ಮನೆಗೆ ಬಂದು ಮಲಗಿದೆ. ಚೆನ್ನಾಗಿ ನಿದ್ದೆ ಬಂತು ನನಗೆ.”

ಬೆಳಗಾಗುವಷ್ಟರಲ್ಲಿ ಮಾವ ಹೋಗಿಬಿಟ್ಟಿದ್ದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

“ಅವರಿಗಾದ್ರೂ ಎಣಿಸಿದ್ರೇನೇ?”

ಎಣಿಸಿದ್ದರು ಅಂದರೆ ಮುಗಿಯಿತು. ಆ ವಾರ್ಡೇ ಬೇರೆ ಅತ್ತೆ, ಅಲ್ಲಿಯವರು ಕಟ್ಟುನಿಟ್ಟು ಅಂದರೆ ಮುಗಿಯಿತು. ಪರೀಕ್ಷಿಸಿ ನೋಡಲು ಯಾರಿಗೆ ಸಾಧ್ಯ? ಒಂದು ವರ್ಷ ಬರುತ್ತದೆ, ಪರೀಕ್ಷೆ ಬರುತ್ತದೆ, ಈ ಮುದಿಜೀವಕ್ಕೂ ನೆಮ್ಮದಿ. ಅವಳು ಬಾಯಿ ತೆರೆದಳು. ಅತ್ತೆ ಅವಳನ್ನೇ ನೋಡುತ್ತಿದ್ದಳು, ಮಡಿಲಲ್ಲಿ ಅರ್ಧ ಮಡಚಿದ ಅಂಗಿ.

“ಎಣಿಸಿರಲಿಕ್ಕಿಲ್ಲ ಅತ್ತೆ.” ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗಂಟಲಲ್ಲಿ ಇನ್ನೂ ಇತ್ತು, ಅದೂ ಬಂದುಬಿಟ್ಟಿತು. “ಓದಿ ಹೇಳುವಾಗಲೇ ನನಗೆ ಗೊತ್ತಿತ್ತು.”

ಅತ್ತೆ ಅಂಗಿಯನ್ನು ಪೂರ್ತಿ ಮಡಚಿ ಉಳಿದ ಬಟ್ಟೆಗಳ ಮೇಲಿಟ್ಟಳು. ಕುರ್ಚಿಯ ಕೈ ಊರಿ, ಹಲ್ಲು ಕಚ್ಚಿ ಎದ್ದಳು. ಸೊಸೆ ಹಿಡಿಯಲು ಬಂದರೆ ಬೇಡ ಅಂತ ಕೈ ಅಡ್ಡ ಮಾಡಿ, ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಕ್ಕಳು ಒಳಗೆ ಬಂದವು. ಓಟದಕ್ಕ ಕೈಕಾಲು ತೊಳೆಸಿದಳು, ಊಟಕ್ಕೆ ಹಾಕಿದಳು. ಅಜ್ಜಿ ಎಲ್ಲಿ ಎಂದಾಗ ಮಲಗಿದ್ದಾರೆ ಎಂದಳು. ಎರಡು ಸಲ ಬಾಗಿಲ ಹತ್ತಿರ ಹೋಗಿ ನಿಂತು, ತಟ್ಟಲು ಧೈರ್ಯ ಬಾರದೆ ವಾಪಸು ಬಂದಳು. ಮೂರನೇ ಸಲ ಹೋದಾಗ ಒಳಗಿನಿಂದಲೇ ದನಿ ಬಂತು.

“ನಾಳೆ ಡ್ಯೂಟಿ ಎಷ್ಟು ಗಂಟೆಗೆ?”

“ಆರಕ್ಕೆ ಅತ್ತೆ.”

“ಹೋಗು. ಮಕ್ಕಳನ್ನ ನಾನು ನೋಡ್ಕೊಳ್ತೀನಿ. ವರ್ಷ ಪೂರ್ತಿ ನೋಡ್ಕೊಳ್ತೀನಿ, ಓದ್ಕೋ.” ಒಳಗೆ ಮಂಚ ಕಿರುಗುಟ್ಟಿತು. “ಆದ್ರೆ ಒಂದಷ್ಟು ದಿನ ನನ್ನನ್ನ ಅತ್ತೆ ಅಂತ ಕರೀಬೇಡ.”

ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಆ ಒಂದು ಪದವಿಲ್ಲದೆ ಅವಳು ಆಕೆಗೆ ಉತ್ತರ ಕೊಟ್ಟದ್ದೇ ಇರಲಿಲ್ಲ. ಬಾಗಿಲ ಮೇಲೆ ಕೈಯಿಟ್ಟಳು.

“ಸರಿ” ಎಂದಳು.